ಪರದೆಯ ಹಕ್ಕು: ಆಸ್ಪತ್ರೆಯಲ್ಲಿ ರೋಗಿಯ ಖಾಸಗಿತನ ಮತ್ತು ಘನತೆ



ಈ ದತ್ತಿ ಉಪನ್ಯಾಸಕ್ಕೆ ವೈದ್ಯಕೀಯಕ್ಕೆ ಸಂಬಂಧಿಸಿದ ಯಾವ ವಿಷಯವಾದರೂ ಆದೀತು ಎಂದು ಸಂಘಟಕರು ಹೇಳಿದ್ದರು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ, ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡುತ್ತ ಕಳೆದ ವರ್ಷಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಮನುಷ್ಯನ ಮಾನ ಎಷ್ಟರ ಮಟ್ಟಿಗೆ ಅವನ ಕೈಯಲ್ಲೇ ಉಳಿಯುತ್ತದೆ? ಅವನ ಮೈಯನ್ನು ಯಾರು ನೋಡಬಹುದು, ಅವನ ಕಾಯಿಲೆಯ ಸುದ್ದಿ ಯಾರ ಕಿವಿಗೆ ಬೀಳಬಹುದು ಎಂಬುದನ್ನು ತೀರ್ಮಾನಿಸುವವರು ಯಾರು?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಖಾಸಗಿತನ ಚಿಕಿತ್ಸೆಯದೇ ಒಂದು ಅಂಗ. ಅದು ಸಿಗದ ಕಡೆ ರೋಗಿ ನಿಜ ಹೇಳುವುದಿಲ್ಲ. ನಿಜ ತಿಳಿಯದ ವೈದ್ಯ ಸರಿಯಾದ ಮದ್ದು ಕೊಡಲಾರ. ಸ್ಪೆಷಲ್ ವಾರ್ಡಿಗೆ ದುಡ್ಡು ತೆರಬಲ್ಲವರಿಗೆ ಮಾತ್ರ ಅದು ದಕ್ಕುತ್ತಿದ್ದರೆ, ಬಡವರಿಗೆ ನಾವು ಕೊಡುತ್ತಿರುವುದು ಅರ್ಧ ಚಿಕಿತ್ಸೆ.

ಮೇಜಿನ ಸುತ್ತ ನಿಂತ ಜನ

ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಒಪಿಡಿಯನ್ನು ಸೋಮವಾರ ಬೆಳಿಗ್ಗೆ ನೋಡಿ. ಹತ್ತು ಗಂಟೆಯ ಹೊತ್ತಿಗೆ ಚೀಟಿ ಮಾಡಿಸುವ ಸಾಲು ಗೇಟಿನ ತನಕ ಬೆಳೆದಿರುತ್ತದೆ. ಡಾಕ್ಟರ ಕೋಣೆಯಲ್ಲಿ ಒಂದು ಮೇಜು, ಪಕ್ಕದಲ್ಲಿ ಒಂದು ಸ್ಟೂಲು. ಸ್ಟೂಲಿನ ಮೇಲೆ ಒಬ್ಬರು ಕುಳಿತಿದ್ದರೆ, ಅವರ ಬೆನ್ನಿಗೆ ಒರಗುವಷ್ಟು ಹತ್ತಿರದಲ್ಲಿ ಚೀಟಿ ಹಿಡಿದ ಐದಾರು ಮಂದಿ. ಕುಳಿತಿರುವ ಹೆಂಗಸನ್ನು ಡಾಕ್ಟರು ಕೇಳುತ್ತಾರೆ: "ಏನಮ್ಮಾ, ಮುಟ್ಟು ಸರಿಯಾಗಿ ಆಗುತ್ತಾ? ಬಿಳಿ ಹೋಗುತ್ತಾ?" ಹಿಂದೆ ನಿಂತವರಲ್ಲಿ ಆಕೆಯ ಮಾವನಿದ್ದಾನೆ, ಪಕ್ಕದ ಮನೆಯವರಿದ್ದಾರೆ. ಆಕೆ ಸೆರಗು ಎಳೆದುಕೊಂಡು "ಎಲ್ಲ ಸರಿ ಇದೆ ಸಾರ್, ಸುಸ್ತು ಅಷ್ಟೆ" ಎನ್ನುತ್ತಾಳೆ. ಚೀಟಿಯ ಮೇಲೆ ಟಾನಿಕ್ಕು, ಕಬ್ಬಿಣದ ಮಾತ್ರೆ. ಮುಂದಿನವರು ಬಂದು ಕೂರುತ್ತಾರೆ. ತಿಂಗಳುಗಟ್ಟಲೆಯಿಂದ ಆಗುತ್ತಿದ್ದ ರಕ್ತಸ್ರಾವ ಆ ಚೀಟಿಯಲ್ಲಿ ದಾಖಲಾಗಲೇ ಇಲ್ಲ.

ನಮ್ಮ ಹೆಂಗಸರು ಗರ್ಭಕಂಠದ ಕ್ಯಾನ್ಸರ್ ಬಲಿತ ಮೇಲೆ ಆಸ್ಪತ್ರೆಗೆ ಬರುತ್ತಾರೆ ಎಂದು ವಿಚಾರ ಸಂಕಿರಣಗಳಲ್ಲಿ ಮರುಗುತ್ತೇವೆ. ಎಷ್ಟೋ ಸಲ ಅವರು ಹೊತ್ತಿಗೆ ಸರಿಯಾಗಿಯೇ ಬಂದಿರುತ್ತಾರೆ. ಬಾಯಿ ಬಿಟ್ಟು ಹೇಳುವುದಕ್ಕೆ ಒಂದು ಮೂಲೆ ಸಿಕ್ಕಿರುವುದಿಲ್ಲ. ಡಾ. ಅನುಪಮಾ ನಿರಂಜನ ಅವರ ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಪುಸ್ತಕಗಳು ಕನ್ನಡದ ಮನೆಗಳಲ್ಲಿ ಓದಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ನಾಲ್ಕು ಜನರ ನಡುವೆ ಡಾಕ್ಟರನ್ನು ಕೇಳಲಾಗದ ಪ್ರಶ್ನೆಗೆ, ಒಬ್ಬಳೇ ಕುಳಿತು ಓದಿಕೊಳ್ಳಬಹುದಾದ ಉತ್ತರ ಆ ಪುಸ್ತಕಗಳಲ್ಲಿತ್ತು.

ವಾರ್ಡಿನೊಳಗೆ ಬನ್ನಿ. ರೌಂಡ್ಸ್ ಹೊತ್ತಿನಲ್ಲಿ ಪ್ರೊಫೆಸರ ಹಿಂದೆ ಪಿ.ಜಿ.ಗಳು, ಹೌಸ್ ಸರ್ಜನ್‌ಗಳು, ವಿದ್ಯಾರ್ಥಿಗಳು. "ಹನ್ನೆರಡನೇ ಬೆಡ್ಡಿನ ಹೈಡ್ರೋಸೀಲ್" ಎಂದು ಒಬ್ಬರು ಓದಿ ಹೇಳುತ್ತಾರೆ. ಅರವತ್ತು ವರ್ಷದ ಯಜಮಾನರ ಪಂಚೆಯನ್ನು ಇನ್ನೊಬ್ಬರು ಸರಿಸುತ್ತಾರೆ. ಆ ಯಜಮಾನರು ಕಣ್ಣು ಮುಚ್ಚಿಕೊಳ್ಳುತ್ತಾರೆ. "ಅಪ್ಪಾಜಿ, ಇವರು ಕಲಿಯಲು ಬಂದ ಮಕ್ಕಳು, ನೋಡಬಹುದಾ?" ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಕೇಳಿದರೆ ಬಹುತೇಕ ಎಲ್ಲರೂ "ನೋಡಲಿ ಬಿಡಿ ಸಾರ್, ಕಲೀಲಿ" ಎನ್ನುತ್ತಾರೆ. ಕಲಿಕೆಗೆ ರೋಗಿ ಬೇಕು, ನಿಜ. ರೋಗಿಯ ಒಪ್ಪಿಗೆ ಕಲಿಕೆಯ ಮೊದಲ ಪಾಠವಾಗಬೇಕು ಎಂಬುದೂ ಅಷ್ಟೇ ನಿಜ. 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ ಮತ್ತು ಸಂವಹನಕ್ಕೇ ಒಂದು ಪ್ರತ್ಯೇಕ ಭಾಗವಿದೆ. ಅದು ತರಗತಿಯಲ್ಲಿ ಮುಗಿದುಹೋಗದೆ ಬೆಡ್ಡಿನ ಪಕ್ಕಕ್ಕೆ ಬರಬೇಕು.

ಹೆರಿಗೆ ಕೋಣೆಯ ಸ್ಥಿತಿ ಇನ್ನೂ ಕಷ್ಟದ್ದು. ನೋವಿನಲ್ಲಿ ಕೂಗುವ ತಾಯಿಗೆ ಬೈಗುಳ, ಟೇಬಲ್ಲುಗಳ ನಡುವೆ ಪರದೆ ಇಲ್ಲದಿರುವುದು, ಬಾಗಿಲು ತೆರೆದಿರುವಾಗ ಕಾರಿಡಾರಿನಿಂದ ಕಾಣುವ ಟೇಬಲ್ಲು: ಇವೆಲ್ಲ ಯಾರಿಗೂ ಹೊಸ ಸುದ್ದಿಯಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಯ ಗುಣಮಟ್ಟವನ್ನು ಅಳೆಯುವಾಗ ತಾಯಿಗೆ ಸಿಗುವ ಗೌರವವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಪರದೆ ಇದೆಯೇ, ಜೊತೆಗೊಬ್ಬ ಹೆಂಗಸನ್ನು ಬಿಟ್ಟಿದ್ದಾರೆಯೇ ಎಂಬುದು ಈಗ ತಪಾಸಣೆಯ ಪ್ರಶ್ನೆ. ತಾಯಿಯೋ ಅಕ್ಕನೋ ಪಕ್ಕದಲ್ಲಿದ್ದು ಕೈ ಹಿಡಿದುಕೊಂಡಿದ್ದರೆ ಬೈಗುಳವೂ ತಾನಾಗಿ ಕಡಿಮೆಯಾಗುತ್ತದೆ.

ಇನ್ನೊಂದು ನೋಟ ನಮ್ಮಲ್ಲಿ ಎಷ್ಟು ಸಾಮಾನ್ಯವಾಗಿದೆ ಎಂದರೆ ಅದರಲ್ಲಿ ತಪ್ಪಿದೆ ಎಂದೇ ಯಾರಿಗೂ ಅನಿಸುವುದಿಲ್ಲ. ನಾಯಕರೊಬ್ಬರ ಹುಟ್ಟುಹಬ್ಬ. ಅಭಿಮಾನಿಗಳು ಹಣ್ಣು, ಬ್ರೆಡ್ಡು ಹಿಡಿದು ಬಾಣಂತಿಯರ ವಾರ್ಡಿಗೆ ಬರುತ್ತಾರೆ. ಹಿಂದಿನ ರಾತ್ರಿಯಷ್ಟೇ ಹೆತ್ತವಳು ಹಾಲೂಡಿಸುವುದನ್ನು ಬಿಟ್ಟು ಎದ್ದು ಕೂರಬೇಕು, ಬಾಳೆಹಣ್ಣು ತೆಗೆದುಕೊಳ್ಳುತ್ತ ಕ್ಯಾಮೆರಾ ಕಡೆ ನೋಡಬೇಕು. ಮರುದಿನ ಪತ್ರಿಕೆಯಲ್ಲಿ ಆಕೆಯ ಮುಖ. ಬಾಣಂತಿಗೆ ಹಣ್ಣು ಕೊಡುವುದು ಒಳ್ಳೆಯ ಕೆಲಸ. ಹಾಸಿಗೆ ಹಿಡಿದವರ ಫೋಟೋ ತೆಗೆದು ಹಂಚುವುದು ಅವರ ನಿಸ್ಸಹಾಯಕತೆಯಿಂದ ಹೆಸರು ಗಳಿಸುವ ಕೆಲಸ. ಆಸ್ಪತ್ರೆಯ ಆಡಳಿತ ವಾರ್ಡಿನ ಬಾಗಿಲಲ್ಲೇ ಇದನ್ನು ತಡೆಯಬೇಕು. ದಾನ ಕೊಡುವವರು ಹಣ್ಣಿನ ಬುಟ್ಟಿಯನ್ನು ಸಿಸ್ಟರ್ ಕೈಗೆ ಒಪ್ಪಿಸಿ ಹೋದರೆ ಆಯಿತು.

ಹಳೆಯ ಪ್ರತಿಜ್ಞೆ, ಹೊಸ ಕಾನೂನು

ಖಾಸಗಿತನ ಪಶ್ಚಿಮದಿಂದ ಬಂದ ಕಲ್ಪನೆ, ಕೂಡಿ ಬಾಳುವ ನಮಗೆ ಅದು ಒಗ್ಗುವುದಿಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇನೆ. ಚರಕ ಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವನ್ನು ಓದಿದವರು ಹಾಗೆ ಹೇಳಲಾರರು. ವೈದ್ಯ ವಿದ್ಯಾರ್ಥಿಗೆ ಗುರು ಬೋಧಿಸುವ ನಿಯಮಗಳು ಅಲ್ಲಿವೆ. ರೋಗಿಯ ಮನೆಗೆ ಪರಿಚಿತರ ಜೊತೆಯಲ್ಲಿ, ಅನುಮತಿ ಪಡೆದೇ ಹೋಗಬೇಕು. ಒಳಹೊಕ್ಕ ಮೇಲೆ ಮಾತು, ಮನಸ್ಸು, ಬುದ್ಧಿ ಎಲ್ಲವೂ ರೋಗಿಯ ಹಿತದಲ್ಲೇ ನೆಟ್ಟಿರಬೇಕು. ಆ ಮನೆಯ ಸಂಗತಿಗಳನ್ನು ಹೊರಗೆ ಆಡಬಾರದು. ಗ್ರೀಸಿನ ಹಿಪೊಕ್ರೆಟಿಸ್ ಪರಂಪರೆಯ ಪ್ರತಿಜ್ಞೆಯೂ ಇದನ್ನೇ ಹೇಳುತ್ತದೆ. ವಿಶ್ವ ವೈದ್ಯಕೀಯ ಸಂಘ 1948ರಲ್ಲಿ ರೂಪಿಸಿದ ಜಿನೀವಾ ಘೋಷಣೆ ರೋಗಿಯ ಗುಟ್ಟನ್ನು ಕಾಯುವ ಹೊಣೆಯನ್ನು ವೈದ್ಯರ ಪ್ರತಿಜ್ಞೆಯೊಳಗೇ ಸೇರಿಸಿತು.

ನಮ್ಮ ಕಾನೂನಿನ ಮಾತಿಗೆ ಬರೋಣ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಿಯಮಾವಳಿಯ ಪ್ರಕಾರ, ವೃತ್ತಿಯಲ್ಲಿ ತಿಳಿದ ಗುಟ್ಟನ್ನು ವೈದ್ಯರು ಹೊರಗೆಡಹಬಾರದು. ಅದಕ್ಕೆ ಮೂರು ವಿನಾಯಿತಿಗಳಿವೆ: ನ್ಯಾಯಾಧೀಶರ ಆದೇಶ, ಗೊತ್ತಿರುವ ಒಬ್ಬ ವ್ಯಕ್ತಿಗೋ ಸಮುದಾಯಕ್ಕೋ ಒದಗಿರುವ ಗಂಭೀರ ಅಪಾಯ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳು. ಗುರುತು ಸಿಗುವಂತೆ ರೋಗಿಯ ಫೋಟೋವನ್ನು ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು ಎಂದೂ ಅದರಲ್ಲಿದೆ. ವೈದ್ಯರ ವಾಟ್ಸಾಪ್ ಗುಂಪುಗಳಲ್ಲಿ ಹೆಸರು, ವಯಸ್ಸು ಸಮೇತ ಓಡಾಡುವ ಎಕ್ಸ್‌ರೇ, ಸ್ಕ್ಯಾನಿಂಗ್ ವರದಿಗಳನ್ನು ಈ ನಿಯಮದ ಎದುರು ಇಟ್ಟು ನೋಡಿ.

2017ನೇ ಇಸವಿ ಈ ಹಾದಿಯಲ್ಲಿ ದೊಡ್ಡ ವರ್ಷ. ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು 2012ರಲ್ಲಿ ಕೋರ್ಟಿನ ಮೆಟ್ಟಿಲೇರಿದ್ದರು. 2017ರಲ್ಲೇ ಸಂಸತ್ತು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ತಂದಿತು. ಒಳರೋಗಿಯ ತಲೆ ಬೋಳಿಸುವಂತಿಲ್ಲ. ಸ್ವಂತ ಬಟ್ಟೆ ಉಡುತ್ತೇನೆ ಎಂದರೆ ಸಮವಸ್ತ್ರ ಹೇರುವಂತಿಲ್ಲ. ಮುಟ್ಟಿನ ದಿನಗಳಿಗೆ ಬೇಕಾದ ಸಾಮಗ್ರಿ ಒದಗಿಸಬೇಕು. ಒಪ್ಪಿಗೆ ಇಲ್ಲದೆ ಫೋಟೋವನ್ನಾಗಲಿ ಮಾಹಿತಿಯನ್ನಾಗಲಿ ಮಾಧ್ಯಮಕ್ಕೆ ಕೊಡಬಾರದು. ಘನತೆ ಎನ್ನುವ ದೊಡ್ಡ ಮಾತು ಬಟ್ಟೆ, ಕೂದಲು, ಮುಟ್ಟಿನ ಬಟ್ಟೆಯಂಥ ದಿನನಿತ್ಯದ ಸಂಗತಿಗಳಲ್ಲಿ ನೆಲೆಸಿದೆ ಎಂಬುದನ್ನು ಈ ಕಾಯ್ದೆ ಬರೆದವರು ಚೆನ್ನಾಗಿ ಅರಿತಿದ್ದರು.

ಅತ್ಯಾಚಾರಕ್ಕೆ ಒಳಗಾದವರ ಮೇಲೆ ನಡೆಯುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ ಘನತೆಗೆ ಬಿದ್ದ ಪೆಟ್ಟು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಅದು ನಿಲ್ಲದಿದ್ದಾಗ 2022ರ ಅಕ್ಟೋಬರ್ 31ರಂದು, ಆ ಪರೀಕ್ಷೆ ಮಾಡುವವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕು ಎಂದು ತೀರ್ಪಿತ್ತಿತು. ಒಂದು ಅಮಾನವೀಯ ಪರೀಕ್ಷೆಯನ್ನು ನಿಲ್ಲಿಸಲು ದೇಶದ ಅತ್ಯುನ್ನತ ನ್ಯಾಯಾಲಯ ಎರಡೆರಡು ಸಲ ಹೇಳಬೇಕಾಯಿತು. ಕಾಗದದ ಮೇಲಿನ ಹಕ್ಕು ಪರೀಕ್ಷಾ ಕೋಣೆಯ ಒಳಗೆ ತಾನಾಗಿ ನಡೆದು ಬರುವುದಿಲ್ಲ.

ವರದಿಯೇ ಬೇರೆ, ಡಂಗುರವೇ ಬೇರೆ

ಗುಟ್ಟನ್ನು ಎಲ್ಲಿಯವರೆಗೆ ಕಾಯಬೇಕು? ಇದು ಕಠಿಣ ಪ್ರಶ್ನೆ. 1998ರ ‘ಮಿಸ್ಟರ್ ಎಕ್ಸ್’ ಪ್ರಕರಣವನ್ನು ನಾನು ಪ್ರತಿ ತಂಡದ ವಿದ್ಯಾರ್ಥಿಗಳ ಮುಂದೆಯೂ ಇಡುತ್ತಿದ್ದೆ. ರಕ್ತ ಕೊಡಲು ಹೋದ ಒಬ್ಬ ವೈದ್ಯರಿಗೆ ಎಚ್‌ಐವಿ ಸೋಂಕಿರುವುದು ಆಸ್ಪತ್ರೆಯಲ್ಲಿ ಪತ್ತೆಯಾಯಿತು. ಸುದ್ದಿ ಹೊರಬಿತ್ತು, ಗೊತ್ತಾಗಿದ್ದ ಮದುವೆ ಮುರಿಯಿತು, ಸಮಾಜ ದೂರವಿಟ್ಟಿದ್ದರಿಂದ ಅವರು ಊರನ್ನೇ ಬಿಡಬೇಕಾಯಿತು. ಮದುವೆಯಾಗಲಿದ್ದ ಹುಡುಗಿಯ ಜೀವಕ್ಕೆ ಅಪಾಯವಿದ್ದುದರಿಂದ ಆಸ್ಪತ್ರೆಯದು ತಪ್ಪಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಜೊತೆಗೆ, ಇಂಥವರ ಮದುವೆಯ ಹಕ್ಕೇ ಅಮಾನತಿನಲ್ಲಿರುತ್ತದೆ ಎಂದೂ ಹೇಳಿಬಿಟ್ಟಿತು. ಮದುವೆಯ ಕುರಿತ ಆ ಮಾತುಗಳು ಅನಗತ್ಯವಾಗಿದ್ದವು ಎಂದು 2002ರಲ್ಲಿ ಅದೇ ನ್ಯಾಯಾಲಯ ತಿದ್ದಿಕೊಂಡಿತು.

ಆ ಪ್ರಕರಣ ಎತ್ತಿದ ಪ್ರಶ್ನೆಗೆ ಹದವಾದ ಉತ್ತರ ಸಿಕ್ಕಿದ್ದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಲ್ಲಿ. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಸಂಗಾತಿಗೆ ಸೋಂಕು ತಗಲುವ ಅಪಾಯ ನಿಜವಾಗಿ ಇದ್ದರೆ ವೈದ್ಯರು ಅಥವಾ ಆಪ್ತಸಮಾಲೋಚಕರು ತಿಳಿಸಬಹುದು. ಆದರೆ ಅದಕ್ಕೆ ಮೆಟ್ಟಿಲುಗಳಿವೆ. ಮೊದಲು ರೋಗಿಯೇ ಹೇಳುವಂತೆ ಮನವೊಲಿಸಬೇಕು. ಅವರು ಹೇಳುವುದಿಲ್ಲ ಎಂದು ಖಚಿತವಾದ ಮೇಲೆ, ನಾನು ತಿಳಿಸಲಿದ್ದೇನೆ ಎಂದು ರೋಗಿಗೆ ಮುಂಚಿತವಾಗಿ ಹೇಳಬೇಕು. ಬಳಿಕ ಸಂಗಾತಿಯನ್ನು ಎದುರಿಗೆ ಕೂರಿಸಿಕೊಂಡು, ಸಮಾಧಾನದಿಂದ ತಿಳಿಸಬೇಕು. ವಿಷಯ ತಿಳಿದರೆ ಹೆಂಗಸಿನ ಮೇಲೆ ಹಲ್ಲೆಯಾಗುವ, ಆಕೆಯನ್ನು ಮನೆಯಿಂದ ಹೊರಹಾಕುವ ಭಯವಿದ್ದರೆ ಹೇಳಬಾರದು. ಯಾರಿಗೆ ತಿಳಿಯಲೇಬೇಕೋ ಅವರಿಗೆ, ಎಷ್ಟು ತಿಳಿಯಬೇಕೋ ಅಷ್ಟು, ಹೇಗೆ ತಿಳಿಸಬೇಕೋ ಹಾಗೆ: ಇದು ಎಲ್ಲ ಕಾಯಿಲೆಗಳಿಗೂ ಒಪ್ಪುವ ಸೂತ್ರ. ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದು ಮಂಚದ ಕಾಲಿಗೆ ನೇತುಹಾಕುವುದು ಆ ಸೂತ್ರವನ್ನು ಹರಿದು ಹಾಕಿದ ಹಾಗೆ. ರಕ್ತದ ವಿಷಯದಲ್ಲಿ ಎಲ್ಲ ರೋಗಿಗಳಿಗೂ ಒಂದೇ ಎಚ್ಚರಿಕೆ ವಹಿಸಬೇಕೆಂಬುದು ವೈದ್ಯಶಾಸ್ತ್ರದ ನಿಯಮ. ಹಾಗಿರುವಾಗ ಆ ಕೆಂಪು ಬರಹದಿಂದ ರಕ್ಷಣೆ ಯಾರಿಗೂ ಇಲ್ಲ, ಅವಮಾನ ಮಾತ್ರ ಒಬ್ಬರಿಗೆ.

ಕೋವಿಡ್ ಕಾಲದಲ್ಲಿ ಇಡೀ ಸಮಾಜ ಈ ಪರೀಕ್ಷೆಗೆ ಒಳಗಾಯಿತು. 2020ರ ಮಾರ್ಚ್‌ನಲ್ಲಿ, ಮನೆಯಲ್ಲೇ ಪ್ರತ್ಯೇಕವಾಗಿರುವಂತೆ ಸೂಚಿಸಲಾಗಿದ್ದವರ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಪ್ರಕಟಿಸಿತು. ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಕೈಗೆ ಮುದ್ರೆ, ಬಾಗಿಲಿಗೆ ಭಿತ್ತಿಪತ್ರ. ಸಾಂಕ್ರಾಮಿಕ ರೋಗವನ್ನು ಆರೋಗ್ಯ ಇಲಾಖೆಗೆ ವರದಿ ಮಾಡುವುದು ಅಗತ್ಯ, ನ್ಯಾಯ. ಕ್ಷಯಕ್ಕೂ ನಾವು ಅದನ್ನೇ ಮಾಡುತ್ತೇವೆ. ಬೀದಿಗೆ ಸಾರುವುದರಿಂದ ಆಗುವುದು ಬೇರೆ: ಮುಂದಿನ ಮನೆಯವನು ಜ್ವರ ಬಂದರೂ ಬಾಯಿ ಬಿಡುವುದಿಲ್ಲ. ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ರೋಗಿಗಳ ಮನೆಯ ಮುಂದೆ ಭಿತ್ತಿಪತ್ರ ಅಂಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಡಿಸೆಂಬರ್ 9ರಂದು ಹೇಳಿತು. ಅದಕ್ಕೂ ಮೊದಲು, ಜೂನ್ ಕೊನೆಯಲ್ಲಿ, ಬಳ್ಳಾರಿಯಲ್ಲಿ ಕೋವಿಡ್‌ನಿಂದ ತೀರಿಕೊಂಡವರ ದೇಹಗಳನ್ನು ಒಂದೇ ಗುಂಡಿಗೆ ಎಸೆದ ವಿಡಿಯೊವನ್ನು ನಾಡು ಕಂಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಉಸಿರು ನಿಂತ ಮೇಲೂ ಮನುಷ್ಯನಿಗೆ ಘನತೆ ಉಂಟು ಎಂಬುದನ್ನು ಆ ದೃಶ್ಯ ನಮಗೆಲ್ಲ ನೆನಪಿಸಬೇಕಾಗಿ ಬಂದದ್ದು ನೋವಿನ ಸಂಗತಿ.

ಮನೆಯವರು ಮತ್ತು ರೋಗಿ

ನಮ್ಮಲ್ಲಿ ರೋಗಿ ಒಬ್ಬಂಟಿಯಾಗಿ ಬರುವುದು ಕಡಿಮೆ. ಜೊತೆಗೆ ಅಣ್ಣ, ಅತ್ತೆ, ಊರಿನ ಹಿರಿಯರು ಇರುತ್ತಾರೆ. ಗಂಜಿ ತರುವವರೂ ಅವರೇ, ರಾತ್ರಿ ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗುವವರೂ ಅವರೇ, ಬಿಲ್ಲು ಕಟ್ಟುವವರೂ ಅವರೇ. ಆ ಆಸರೆ ನಮ್ಮ ಸಮಾಜದ ದೊಡ್ಡ ಆಸ್ತಿ. ಆದರೆ ಆಸರೆ ಕೊಟ್ಟವರಿಗೆಲ್ಲ ಗುಟ್ಟಿನ ಮೇಲೆ ಹಕ್ಕು ಬಂತು ಎಂದು ವೈದ್ಯರು ಭಾವಿಸಬಾರದು. "ತಾಯಿಗೆ ಹೇಳಬೇಡಿ ಡಾಕ್ಟ್ರೇ, ನಮಗೆ ಹೇಳಿ" ಎಂದು ಮಕ್ಕಳು ಕೇಳಿಕೊಳ್ಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಅತ್ತ ತಾಯಿಗೆ ತನ್ನ ಹೊಟ್ಟೆಯಲ್ಲಿ ಏನಿದೆ ಎಂಬುದು ವಾರ್ಡಿನ ಆಯಾ ಬಾಯಿಂದ ಗೊತ್ತಾಗಿರುತ್ತದೆ.

ದಾರಿ ಸರಳ. ರೋಗಿಯನ್ನೇ ಕೇಳಿ: "ಅಮ್ಮಾ, ನಿಮ್ಮ ರಿಪೋರ್ಟಿನ ವಿಷಯ ಯಾರ ಹತ್ತಿರ ಮಾತಾಡಲಿ? ನೀವೂ ಇರುತ್ತೀರಾ?" ಮಗನ ಹತ್ತಿರ ಹೇಳಿ ಎಂದರೆ ಮಗನ ಹತ್ತಿರ ಹೇಳಿ. ನನಗೇ ಹೇಳಿ ಎಂದರೆ ಅವರಿಗೇ ಹೇಳಿ. ತಾಯಿಯ ಜೊತೆ ಬಂದ ಹದಿಹರೆಯದ ಹುಡುಗಿಯ ಹತ್ತಿರ ಎರಡು ನಿಮಿಷ ಒಬ್ಬಳೇ ಇರುವಾಗ ಮಾತಾಡಿ. ಕರ್ನಾಟಕದಲ್ಲಿ ಹದಿಹರೆಯದವರಿಗೆಂದೇ ಇರುವ ‘ಸ್ನೇಹ ಕ್ಲಿನಿಕ್’ಗಳು ನಿಂತಿರುವುದೇ ಈ ನಂಬಿಕೆಯ ಮೇಲೆ. ಗರ್ಭಪಾತಕ್ಕೆ ಬಂದವರ ಹೆಸರನ್ನು, ಕಾನೂನಿನಂತೆ ಅಧಿಕಾರ ಉಳ್ಳವರನ್ನು ಬಿಟ್ಟು ಬೇರೆಯವರಿಗೆ ತಿಳಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಸಜೆಯಾಗಬಹುದು. 2021ರ ತಿದ್ದುಪಡಿ ಇದನ್ನು ಸ್ಪಷ್ಟಪಡಿಸಿದೆ. ಅವಿವಾಹಿತ ಹುಡುಗಿಯರು ನಾಟಿ ಮದ್ದಿನವರ, ನಕಲಿ ಡಾಕ್ಟರರ ಬಾಗಿಲು ತಟ್ಟುವುದು ಹೆಸರು ಹೊರಬೀಳುವ ಭಯದಿಂದ. ಆ ಭಯ ಜೀವ ತೆಗೆಯುತ್ತದೆ.

ಗಣಕದೊಳಗಿನ ಗುಟ್ಟು

ಹಿಂದೆ ಕೇಸ್ ಶೀಟು ಕಬ್ಬಿಣದ ಬೀರುವಿನಲ್ಲಿ ಇರುತ್ತಿತ್ತು. ಇಂದು ಲ್ಯಾಬಿನ ವರದಿ ವಾಟ್ಸಾಪಿನಲ್ಲಿ ಬರುತ್ತದೆ, ಔಷಧದಂಗಡಿಯವರು ಬಿಲ್ಲಿಗೆ ಮೊಬೈಲ್ ನಂಬರು ಕೇಳುತ್ತಾರೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಯಸಿದವರಿಗೆ 14 ಅಂಕಿಯ ಆಭಾ ಸಂಖ್ಯೆ ಕೊಟ್ಟು ದಾಖಲೆಗಳನ್ನು ಜೋಡಿಸುತ್ತಿದೆ. ಕಲಬುರಗಿಯ ರೋಗಿ ಬೆಂಗಳೂರಿಗೆ ಬಂದಾಗ ಹಳೆಯ ವರದಿ ಕ್ಷಣದಲ್ಲಿ ಸಿಗುವುದು ದೊಡ್ಡ ಅನುಕೂಲ. ಆದರೆ 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನಂಥ ಸಂಸ್ಥೆಯ ಸರ್ವರುಗಳೇ ಸೈಬರ್ ದಾಳಿಗೆ ಸಿಕ್ಕು ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೆಯಿತು. ದತ್ತಾಂಶ ಕಾಪಾಡುವ ಹೊಣೆ ಮರೆತ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಹಳ್ಳಿಯ ರೋಗಿಗೆ ಇದೆಲ್ಲ ತಿಳಿಯದು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು, ಯಾತಕ್ಕೆ ಒತ್ತುತ್ತಿದ್ದೀರಿ ಎಂದು ಕನ್ನಡದಲ್ಲಿ, ಅವರಿಗೆ ಅರ್ಥವಾಗುವಂತೆ ಹೇಳುವ ಕರ್ತವ್ಯ ಕೌಂಟರಿನಲ್ಲಿ ಕುಳಿತವರದು.

ಏನು ಮಾಡಬಹುದು

ಇಷ್ಟೊಂದು ನೂಕುನುಗ್ಗಲಿನಲ್ಲಿ ಇದೆಲ್ಲ ಎಲ್ಲಿ ಸಾಧ್ಯ ಎಂಬ ಪ್ರಶ್ನೆ ಏಳುತ್ತದೆ. ಸಿಬ್ಬಂದಿ ಕಡಿಮೆ, ರೋಗಿಗಳು ಹೆಚ್ಚು. ಸರ್ಕಾರ ಇದನ್ನು ಸರಿಪಡಿಸಲೇಬೇಕು. ಅಲ್ಲಿಯ ತನಕ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಒಪಿಡಿ ಕೋಣೆಯೊಳಗೆ ಒಬ್ಬರು, ಉಳಿದವರು ಟೋಕನ್ ಹಿಡಿದು ಹೊರಗೆ. ಪರೀಕ್ಷಾ ಮಂಚದ ಸುತ್ತ ಒಗೆದ ಪರದೆ. ಅದನ್ನು ಎಳೆಯುವ ಜವಾಬ್ದಾರಿ ಒಬ್ಬರ ಹೆಸರಿನಲ್ಲಿ. ಪುರುಷ ವೈದ್ಯರು ಹೆಂಗಸರನ್ನು ಪರೀಕ್ಷಿಸುವಾಗ ಜೊತೆಗೊಬ್ಬ ಮಹಿಳೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಇದನ್ನು ಹಕ್ಕೆಂದೇ ಬರೆದಿದೆ. ಮೂತ್ರದ ಚೀಲಕ್ಕೊಂದು ಬಟ್ಟೆಯ ಹೊದಿಕೆ. ಬೆಡ್ ನಂಬರಿನ ಬದಲು ಹೆಸರು ಹಿಡಿದು, "ಅಮ್ಮ", "ಯಜಮಾನರೇ" ಎಂದು ಕರೆಯುವ ರೂಢಿ. ವಾರ್ಡಿನಲ್ಲಿ ಫೋಟೋ ನಿಷೇಧ, ಗಣ್ಯರಿಗೂ ಅದೇ ನಿಯಮ. ಒಂದು ಕೋಣೆಯ ಮೂಲೆಯಾದರೂ ಸರಿ, ಕೆಟ್ಟ ಸುದ್ದಿ ಹೇಳಲು ಬಾಗಿಲು ಮುಚ್ಚಬಹುದಾದ ಜಾಗ. ಇದರಲ್ಲಿ ದೊಡ್ಡ ಖರ್ಚಿನದು ಒಂದೂ ಇಲ್ಲ.

ಶುಶ್ರೂಷಕಿಯರನ್ನೂ ಆಯಾಗಳನ್ನೂ ಬೈದು ಇದನ್ನು ಸಾಧಿಸಲಾಗದು. ಅರವತ್ತು ಹಾಸಿಗೆಗೆ ಇಬ್ಬರು ಸಿಸ್ಟರ್ ಇರುವ ರಾತ್ರಿ ಪಾಳಿಯಲ್ಲಿ ಸಹನೆಯೂ ಕರಗಿಹೋಗುತ್ತದೆ. ಅವರನ್ನು ಗೌರವದಿಂದ ನಡೆಸಿಕೊಳ್ಳುವ ಆಸ್ಪತ್ರೆಯಲ್ಲಿ ಮಾತ್ರ ರೋಗಿಗೆ ಗೌರವ ಸಿಗುತ್ತದೆ. ಮುಖ್ಯಸ್ಥರು ಕಿರಿಯರ ಮೇಲೆ ಕೂಗಾಡಿದರೆ ಆ ಕೂಗು ಕೆಳಕೆಳಗೆ ಇಳಿದು ಕೊನೆಗೆ ಮಂಚದ ಮೇಲಿದ್ದವರ ಪಾಲಾಗುತ್ತದೆ.

ನನ್ನ ಮನವಿ ಮೂರು ಕಡೆಗೆ. ಆಡಳಿತದವರೇ, ಔಷಧದ ದಾಸ್ತಾನು ಪರಿಶೀಲಿಸುವ ಹಾಗೆ ಖಾಸಗಿತನವನ್ನೂ ಪ್ರತಿ ತಿಂಗಳು ಪರಿಶೀಲಿಸಿ; ಪರದೆ ಹರಿದ ವಾರ್ಡನ್ನು ಆಮ್ಲಜನಕ ಇಲ್ಲದ ವಾರ್ಡಿನಷ್ಟೇ ಗಂಭೀರವಾಗಿ ಕಾಣಿ. ವಿದ್ಯಾರ್ಥಿಗಳೇ, ರೋಗಿಯ ಹೊದಿಕೆ ಸರಿಸುವ ಮುನ್ನ ಅನುಮತಿ ಕೇಳಿ, ಪರೀಕ್ಷೆ ಮುಗಿದ ಮೇಲೆ ನಿಮ್ಮ ಕೈಯಾರೆ ಹೊದಿಸಿ. ಸಭಿಕರೇ, ನಾಳೆ ನಾವೆಲ್ಲರೂ ರೋಗಿಗಳಾಗುವವರೇ. ಡಾಕ್ಟರ ಮೇಜಿನ ಮುಂದೆ ಕುಳಿತಾಗ "ಇವರನ್ನು ಸ್ವಲ್ಪ ಹೊರಗೆ ಕಳಿಸಿ, ನಿಮ್ಮ ಹತ್ತಿರ ಮಾತಾಡಬೇಕು" ಎಂದು ಸಂಕೋಚವಿಲ್ಲದೆ ಕೇಳಿ. ಅದು ನಿಮ್ಮ ಹಕ್ಕು. ನಿಮ್ಮ ಹಿಂದಿನ ಸಾಲಿನಲ್ಲಿ ನಿಂತ, ಕೇಳಲು ಬಾಯಿ ಬಾರದವರಿಗೂ ನಿಮ್ಮ ಮಾತಿನಿಂದ ದಾರಿಯಾಗುತ್ತದೆ.